ಆಳು–ದಿನದ ಲೆಕ್ಕ ಮತ್ತು ಜ್ವರ ಬಂದ ಆಳು



ಏಳನೆಯ ತರಗತಿಯಲ್ಲಿ ನಾನು ಕಲಿಸಿದ ಆಳು–ದಿನದ ಲೆಕ್ಕ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಹನ್ನೆರಡು ಆಳುಗಳು ಎಂಟು ದಿನಗಳಲ್ಲಿ ಮುಗಿಸುವ ಕೆಲಸವನ್ನು ಎಂಟು ಆಳುಗಳು ಎಷ್ಟು ದಿನಗಳಲ್ಲಿ ಮುಗಿಸುತ್ತಾರೆ? ವಿಲೋಮ ಅನುಪಾತ, ಗುಣಿಸಿ ಭಾಗಿಸಿದರೆ ಉತ್ತರ ಹನ್ನೆರಡು ದಿನ. ಈ ಲೆಕ್ಕವನ್ನು ನಾನು ಎಷ್ಟು ವರ್ಷ, ಎಷ್ಟು ಸಲ ಕಪ್ಪು ಹಲಗೆಯ ಮೇಲೆ ಬರೆದಿದ್ದೇನೋ ದೇವರೇ ಬಲ್ಲ. ಒಮ್ಮೆ ಮಾತ್ರ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ಆ ಎಂಟು ಆಳುಗಳಲ್ಲಿ ಒಬ್ಬನಿಗೆ ಜ್ವರ ಬಂದರೆ?" ಎಂದು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕು, "ಲೆಕ್ಕದ ಪುಸ್ತಕದ ಆಳಿಗೆ ಜ್ವರ ಬರುವುದಿಲ್ಲ, ಕುಳಿತುಕೋ" ಎಂದೆ. ಹುಡುಗ ಕುಳಿತುಕೊಂಡ. ಅವನ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲವೆಂಬುದು ಆಗ ನನಗೆ ಹೊಳೆಯಲೂ ಇಲ್ಲ.

ಆ ಪ್ರಶ್ನೆಯೇ ಸರಿಯಾದ ಪ್ರಶ್ನೆಯಾಗಿತ್ತು ಎಂದು ಇಂದು ಒಪ್ಪಿಕೊಳ್ಳಲು ಈ ಬರಹ. ನಮ್ಮ ದೇಶದಲ್ಲಿ ಕೆಲಸದ ಗಂಟೆಗಳಿಗೆ ಕಾನೂನಿದೆ, ವಾರದ ರಜೆಗೆ ಕಾನೂನಿದೆ, ಕಾಯಿಲೆಯ ರಜೆಗೂ ಕಾನೂನಿದೆ. ಆದರೆ ಒಬ್ಬನು ರಜೆಯ ಮೇಲೆ ಹೋದರೆ ಅವನ ಸ್ಥಾನದಲ್ಲಿ ನಿಲ್ಲತಕ್ಕವರು ಯಾರು ಎಂಬ ಪ್ರಶ್ನೆಗೆ ಬಹುತೇಕ ಕಾನೂನುಗಳು ಅಂದಿನ ನನ್ನಂತೆಯೇ "ಕುಳಿತುಕೋ" ಎನ್ನುತ್ತವೆ. ಗಂಟೆಗಳನ್ನು ಎಣಿಸಿ ಕೈಗಳನ್ನು ಎಣಿಸದ ಕಾನೂನು ಅರ್ಧ ಕಾನೂನು. ಇದು ನನ್ನ ವಾದ. ಒಪ್ಪದವರು ಕಡೆಯವರೆಗೆ ಓದಿ ಬಳಿಕ ಜಗಳಕ್ಕೆ ಬನ್ನಿ.

ಮೊದಲು ತೀರ ಇತ್ತೀಚಿನ ನಿದರ್ಶನವನ್ನು ನೋಡೋಣ. ವಿಮಾನ ಪೈಲಟ್‌ಗಳ ಕರ್ತವ್ಯದ ಅವಧಿ ಮತ್ತು ವಿಶ್ರಾಂತಿಯನ್ನು ಕುರಿತು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಜನವರಿಯಲ್ಲಿ ಹೊಸ ನಿಯಮಗಳನ್ನು ಪ್ರಕಟಿಸಿತು. ವಾರದ ವಿಶ್ರಾಂತಿ 36 ಗಂಟೆಗಳಿಂದ 48 ಗಂಟೆಗಳಿಗೆ ಏರಿತು. ರಾತ್ರಿ ಎಂದರೆ ನಡುರಾತ್ರಿಯಿಂದ ಬೆಳಗಿನ 5ರವರೆಗೆ ಎಂದಿದ್ದುದು 6ರವರೆಗೆ ಎಂದಾಯಿತು. ರಾತ್ರಿಯ ಅವಧಿಯಲ್ಲಿ ಒಬ್ಬ ಪೈಲಟ್ ವಿಮಾನವನ್ನು ಇಳಿಸಬಹುದಾದ ಸಂಖ್ಯೆ 6ರಿಂದ 2ಕ್ಕೆ ಇಳಿಯಿತು. ವಾರದ ವಿಶ್ರಾಂತಿಗೆ ಬದಲಾಗಿ ಪೈಲಟ್‌ನ ಸ್ವಂತ ರಜೆಯನ್ನು ಲೆಕ್ಕಕ್ಕೆ ಹಿಡಿಯಕೂಡದು ಎಂಬ ಸೂಚನೆಯೂ ಹೊರಟಿತು. 2024ರ ಜೂನ್ 1ರಂದು ಜಾರಿಗೆ ಬರಬೇಕಾಗಿದ್ದ ಈ ನಿಯಮಗಳನ್ನು ವಿಮಾನ ಸಂಸ್ಥೆಗಳ ಆಕ್ಷೇಪದಿಂದ ಮುಂದೂಡಲಾಯಿತು. ಪೈಲಟ್‌ಗಳ ಸಂಘಗಳು ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ ಒಂದು ಭಾಗ 2025ರ ಜುಲೈ 1ರಿಂದಲೂ ಉಳಿದ ಭಾಗ ನವೆಂಬರ್ 1ರಿಂದಲೂ ಜಾರಿಗೆ ಬಂದವು.

ಅಂದರೆ ಸಿದ್ಧವಾಗಲು ಹೆಚ್ಚುಕಡಿಮೆ ಎರಡು ವರ್ಷಗಳ ಕಾಲಾವಕಾಶವಿತ್ತು. ಆದರೂ ಡಿಸೆಂಬರ್ ಮೊದಲ ವಾರದಲ್ಲಿ, ದೇಶದೊಳಗಿನ ವಿಮಾನ ಪ್ರಯಾಣಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಹೊತ್ತೊಯ್ಯುವ ಇಂಡಿಗೋ ಸಂಸ್ಥೆ ಕುಸಿಯಿತು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ಬೆಂಗಳೂರು, ದೆಹಲಿ, ಹೈದರಾಬಾದುಗಳ ನಿಲ್ದಾಣಗಳಲ್ಲಿ ಜನ ಪೆಟ್ಟಿಗೆಗಳನ್ನೇ ದಿಂಬು ಮಾಡಿಕೊಂಡು ನೆಲದ ಮೇಲೆ ಮಲಗಿದರು. ಹೊಸ ನಿಯಮಕ್ಕೆ ಬೇಕಾಗುವ ಸಿಬ್ಬಂದಿಯ ಅಂದಾಜಿನಲ್ಲಿ ತಾನು ಎಡವಿದ್ದಾಗಿ ಸಂಸ್ಥೆಯೇ ನಿಯಂತ್ರಕರ ಮುಂದೆ ಒಪ್ಪಿಕೊಂಡಿತು.

ಆ ದಿನ ಸರ್ಕಾರದ ಕಡೆಯಿಂದ ಏನಾಯಿತು? ರಜೆಯನ್ನು ವಾರದ ವಿಶ್ರಾಂತಿಯೊಳಗೆ ಸೇರಿಸಕೂಡದೆಂಬ ಸೂಚನೆಯನ್ನು ಎಲ್ಲ ಸಂಸ್ಥೆಗಳಿಗೂ ಅನ್ವಯಿಸುವಂತೆ ಹಿಂತೆಗೆದುಕೊಳ್ಳಲಾಯಿತು. ರಾತ್ರಿಗೆ ಸಂಬಂಧಿಸಿದ ಕಟ್ಟಳೆಗಳಿಂದ ಇಂಡಿಗೋಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ ದೊರೆಯಿತು. ಕೆಲವು ದಿನಗಳ ಬಳಿಕ ಸಂಸ್ಥೆಯ ಹಾರಾಟಗಳಲ್ಲಿ ಹತ್ತರಲ್ಲೊಂದು ಭಾಗವನ್ನು ಕಡಿತಗೊಳಿಸುವಂತೆ ಆಜ್ಞೆಯೂ ಹೊರಟಿತು. ಈ ಕಡೆಯ ಆಜ್ಞೆಯನ್ನು ನಾನು ಮೆಚ್ಚುತ್ತೇನೆ. ಆಳು ಕಡಿಮೆಯಿದ್ದರೆ ಕೆಲಸವನ್ನು ಕಡಿಮೆ ಮಾಡಬೇಕೆಂಬುದು ಸರಿಯಾದ ಗಣಿತ. ಆದರೆ ಕ್ರಮವನ್ನು ಗಮನಿಸಿ. ಮೊದಲು ಕೈಹಾಕಿದ್ದು ವಿಶ್ರಾಂತಿಗೆ, ಆಮೇಲೆ ಹಾರಾಟಗಳಿಗೆ. ಸಂಸ್ಥೆ ನೇಮಿಸಿಕೊಳ್ಳದ ಆಳುಗಳ ಸಾಲವನ್ನು ನೇಮಕಗೊಂಡ ಆಳುಗಳ ನಿದ್ದೆಯಿಂದ ತೀರಿಸಲಾಯಿತು.

ಪೈಲಟ್‌ಗಳು ಲಕ್ಷಗಟ್ಟಲೆ ಸಂಬಳ ಎಣಿಸುವವರು, ಅವರಿಗೇನು ಕಷ್ಟ ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. ಅಂಥವರು 2010ರ ಮೇ 22ರ ಮುಂಜಾವನ್ನು ನೆನೆಯಬೇಕು. ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿತು. 158 ಮಂದಿ ಅಳಿದರು, 8 ಮಂದಿ ಉಳಿದರು. ಹಿಂದಿನ ಸಂಜೆ ಮಂಗಳೂರಿನಿಂದ ಹೊರಟು ರಾತ್ರಿಯಿಡೀ ಹಾರಿ ಬೆಳಗಿನ ಜಾವ ಮರಳಿದ ತಂಡವದು. ಹಾದಿಯಲ್ಲಿ ಕ್ಯಾಪ್ಟನ್ ಬಹಳ ಹೊತ್ತು ನಿದ್ರಿಸಿದ್ದರೆಂದೂ, ನಿದ್ದೆಯಿಂದ ಎದ್ದ ಮೇಲೂ ಉಳಿಯುವ ಮಂಪರು ಅವರ ವಿವೇಚನೆಯನ್ನು ಮಂಕಾಗಿಸಿರಬಹುದೆಂದೂ ತನಿಖಾ ವರದಿ ಹೇಳಿತು. ಇಳಿಸುವುದು ಬೇಡ, ಮತ್ತೆ ಮೇಲೇರೋಣ ಎಂದು ಸಹಚಾಲಕ ಕೂಗಿ ಹೇಳಿದ್ದು ಧ್ವನಿಮುದ್ರಿಕೆಯಲ್ಲಿ ಉಳಿದಿದೆ. ಅಂದು ಯಾರಾದರೂ ನಿಯಮ ಮುರಿದರೆಂದು ನಾನು ಹೇಳುತ್ತಿಲ್ಲ. ದಣಿದ ದೇಹ ನಿಯಮದ ಪುಸ್ತಕವನ್ನು ಓದುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ದಕ್ಷಿಣ ಕನ್ನಡದಲ್ಲಿ ಆ ದಿನ ಯಾವ ಊರಿನಲ್ಲಿ ಎಷ್ಟು ಮನೆಗಳ ಮುಂದೆ ಜನ ನೆರೆದರೆಂಬುದು ನಿಮ್ಮಲ್ಲಿ ಕೆಲವರಿಗೆ ನನಗಿಂತ ಚೆನ್ನಾಗಿ ತಿಳಿದಿದೆ.

ಈಗ ಆಕಾಶದಿಂದ ನೆಲಕ್ಕೆ ಇಳಿಯೋಣ. ದುಡಿಯುವ ಗಂಟೆಗೆ ಮಿತಿ ಹಾಕುವ ಕೆಲಸ ನಮ್ಮಲ್ಲಿ ಬಹಳ ನಿಧಾನವಾಗಿ ನಡೆದಿದೆ. 1881ರ ಮೊದಲನೆಯ ಕಾರ್ಖಾನೆ ಕಾಯಿದೆಯು ಏಳು ವರ್ಷ ತುಂಬಿದ ಮಕ್ಕಳನ್ನು ದಿನಕ್ಕೆ ಒಂಬತ್ತು ಗಂಟೆ ದುಡಿಸಲು ಅನುಮತಿ ಕೊಟ್ಟಿತು. ಆ ಕಾಲಕ್ಕೆ ಅದೇ ಸುಧಾರಣೆ! ಬೊಂಬಾಯಿಯ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ದೊರೆತದ್ದು ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದ ಫಲವಾಗಿ, 1890ರಲ್ಲಿ. ವಾರಕ್ಕೆ 60 ಗಂಟೆ ಎಂಬ ಮಿತಿ ಬಂದದ್ದು 1922ರಲ್ಲಿ. 54 ಗಂಟೆಯಾದದ್ದು 1934ರಲ್ಲಿ. 48 ಗಂಟೆಯಾದದ್ದು 1946ರಲ್ಲಿ. ಆ ತಿದ್ದುಪಡಿಯ ಹಿಂದೆ ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಡಾ. ಬಿ. ಆರ್. ಅಂಬೇಡ್ಕರ್ ಅವರ ಶ್ರಮವಿತ್ತು. ಸ್ವಾತಂತ್ರ್ಯದ ನಂತರ 1948ರ ಕಾರ್ಖಾನೆ ಕಾಯಿದೆ ಅದನ್ನೇ ಉಳಿಸಿಕೊಂಡಿತು. ನಮ್ಮ ಸಂವಿಧಾನದ 43ನೆಯ ವಿಧಿ ದುಡಿಯುವವನಿಗೆ ಕೇವಲ ಕೂಲಿಯನ್ನಲ್ಲ, ಬಿಡುವನ್ನೂ ದೊರಕಿಸಿಕೊಡಬೇಕೆಂದು ರಾಜ್ಯಕ್ಕೆ ನಿರ್ದೇಶಿಸುತ್ತದೆ. ಬಿಡುವೆಂಬುದು ಸೋಮಾರಿಗಳ ಬೇಡಿಕೆಯೆಂದು ಹೇಳುವವರು ಆ ವಿಧಿಯನ್ನೊಮ್ಮೆ ಓದಲಿ.

60ರಿಂದ 54, 54ರಿಂದ 48. ಪ್ರತಿಯೊಂದು ಮೆಟ್ಟಿಲು ಇಳಿದಾಗಲೂ ಅದೇ ಕೆಲಸಕ್ಕೆ ಹೆಚ್ಚು ಕೈಗಳು ಬೇಕಾದವು. ಆದರೆ ಆ ಕೈಗಳನ್ನು ನೇಮಿಸಿಕೊಳ್ಳಬೇಕೆಂದು ಕಾಯಿದೆ ಬಾಯಿಬಿಟ್ಟು ಹೇಳಲಿಲ್ಲ. 1948ರ ಕಾಯಿದೆಯ ಸ್ವಾರಸ್ಯವನ್ನೇ ನೋಡಿ. 250ಕ್ಕಿಂತ ಹೆಚ್ಚು ಕಾರ್ಮಿಕರಿದ್ದರೆ ಕ್ಯಾಂಟೀನು ಇರಬೇಕೆಂದಿತು; 500 ಮಂದಿಗೆ ಕಲ್ಯಾಣಾಧಿಕಾರಿ ಇರಬೇಕೆಂದಿತು. ಹೀಗೆ ಕ್ಯಾಂಟೀನಿಗಾಗಿ ತಲೆ ಎಣಿಸಲು ಬಂದ ಕಾನೂನಿಗೆ ರಜೆಗಾಗಿ ತಲೆ ಎಣಿಸಲು ಬರಲಿಲ್ಲ. ಹೆಚ್ಚುವರಿ ಗಂಟೆಗೆ ದುಪ್ಪಟ್ಟು ವೇತನ ಎಂಬ ಒಂದು ನಿಯಮವನ್ನು ಮಾತ್ರ ಇಟ್ಟಿತು. ಇರುವವನನ್ನೇ ಹೆಚ್ಚು ದುಡಿಸುವುದಕ್ಕಿಂತ ಇನ್ನೊಬ್ಬನನ್ನು ನೇಮಿಸಿಕೊಳ್ಳುವುದೇ ಅಗ್ಗವೆಂದು ಮಾಲೀಕನಿಗೆ ತೋರಬೇಕೆಂಬುದು ಅದರೊಳಗಿನ ಜಾಣ್ಮೆ. ಗುಜರಾತ್ ಸರ್ಕಾರ 2020ರ ಏಪ್ರಿಲ್‌ನಲ್ಲಿ, ಸಾಂಕ್ರಾಮಿಕದ ಕಾರಣ ಹೇಳಿ, ಹನ್ನೆರಡು ಗಂಟೆಗಳ ದುಡಿಮೆಗೆ ಅನುಮತಿ ಕೊಟ್ಟು ದುಪ್ಪಟ್ಟು ವೇತನವನ್ನೂ ತೆಗೆದುಹಾಕಿತ್ತು. ಸರ್ವೋಚ್ಚ ನ್ಯಾಯಾಲಯ ಅದೇ ವರ್ಷದ ಅಕ್ಟೋಬರ್ 1ರಂದು ಆ ಆದೇಶವನ್ನು ರದ್ದುಮಾಡಿತು.

2025ರ ನವೆಂಬರ್ 21ರಿಂದ 1948ರ ಆ ಹಳೆಯ ಕಾಯಿದೆಯ ಸ್ಥಾನಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಬಂದಿದೆ. ದಿನಕ್ಕೆ ಎಂಟು ಗಂಟೆ, ವಾರಕ್ಕೊಂದು ರಜೆ, ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ವೇತನ ಮತ್ತು ಕಾರ್ಮಿಕನ ಒಪ್ಪಿಗೆ, ಇವೆಲ್ಲ ಅದರಲ್ಲಿವೆ. ವೇತನಸಹಿತ ರಜೆಗೆ ಅರ್ಹನಾಗಲು ವರ್ಷಕ್ಕೆ 240 ದಿನ ದುಡಿಯಬೇಕೆಂದಿದ್ದುದು 180 ದಿನಕ್ಕೆ ಇಳಿದಿದೆ. ಒಳ್ಳೆಯದು. ಆದರೆ ರಜೆಯ ಮೇಲೆ ಹೋದವನ ಜಾಗದಲ್ಲಿ ಯಾರು? ಮತ್ತೆ ಮೌನ.

ಇಲ್ಲಿ ನೀವು ಪೆನ್ಸಿಲ್ ಹಿಡಿಯಬೇಕು. ಮೇಷ್ಟ್ರ ಹಳೆಯ ಚಟ ಬಿಡದು. ಹಗಲಿರುಳೂ ಒಬ್ಬ ಮನುಷ್ಯ ಇರಲೇಬೇಕಾದ ಒಂದು ಸ್ಥಾನವಿದೆ ಎಂದಿಟ್ಟುಕೊಳ್ಳಿ. ಎಂಟು ಗಂಟೆಯಂತೆ ದಿನಕ್ಕೆ ಮೂರು ಪಾಳಿ, ವರ್ಷಕ್ಕೆ 1095 ಪಾಳಿ. ಒಬ್ಬ ನೌಕರ ವರ್ಷಕ್ಕೆ ಎಷ್ಟು ಪಾಳಿ ಮಾಡಬಲ್ಲ? 365ರಲ್ಲಿ ವಾರದ ರಜೆ 52. ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆಯಂತೆ ಹತ್ತು ರಜೆ; ರಾಜ್ಯೋತ್ಸವವೂ ಅದರಲ್ಲಿದೆ. ಇಪ್ಪತ್ತು ದಿನದ ದುಡಿಮೆಗೆ ಒಂದು ದಿನದಂತೆ ಗಳಿಕೆ ರಜೆ ಸುಮಾರು 14. ನಮ್ಮ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯ ಅಳತೆಯಂತೆ ಕಾಯಿಲೆ ಮೊದಲಾದ ಕಾರಣಗಳಿಗೆ 12. ಒಟ್ಟು 88 ಕಳೆದರೆ ಉಳಿಯುವುದು 277. ಈಗ 1095ನ್ನು 277ರಿಂದ ಭಾಗಿಸಿ. 3.95 ಬರುತ್ತದೆ. ಮೂರು ಪಾಳಿಗೆ ಮೂವರಲ್ಲ, ನಾಲ್ವರು ಬೇಕು. ಆ ನಾಲ್ಕನೆಯವನೇ ಉಳಿದ ಮೂವರ ರಜೆ. ಅವನನ್ನು ನೇಮಿಸಿಕೊಳ್ಳದ ಸಂಸ್ಥೆಯ ಸೂಚನಾಫಲಕದಲ್ಲಿ ರಜೆಯ ನಿಯಮವನ್ನು ಎಷ್ಟು ದಪ್ಪ ಅಕ್ಷರಗಳಲ್ಲಿ ಬರೆದರೂ ಅದು ಬರಿಯ ಬಣ್ಣ.

ನಾಲ್ಕನೆಯವನಿಲ್ಲದ ಕಡೆ ರಜೆ ಕೇಳಿದರೆ ಏನಾಗುತ್ತದೆ? ಇದಕ್ಕೆ ನಾನೇ ಸಾಕ್ಷಿ, ಅದೂ ತಪ್ಪಿತಸ್ಥನ ಕಡೆಯ ಸಾಕ್ಷಿ. ಹಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಪ್ರಭಾರ ಮುಖ್ಯೋಪಾಧ್ಯಾಯನಾಗಿದ್ದೆ. ಇದ್ದವರು ಇಬ್ಬರೇ, ನಾನು ಮತ್ತು ಒಬ್ಬ ಸಹೋದ್ಯೋಗಿನಿ. ಪರೀಕ್ಷೆ ಹತ್ತಿರ ಬಂದಿತ್ತು. ಆಕೆ ಒಂದು ಬೆಳಗ್ಗೆ ಬಂದು, "ಸಾರ್, ತಂದೆಗೆ ಹುಷಾರಿಲ್ಲವೆಂದು ಊರಿನಿಂದ ಕಾಗದ ಬಂದಿದೆ, ನಾಲ್ಕು ದಿನ ರಜೆ ಬೇಕಿತ್ತು" ಎಂದರು. ನಾನು ಇಲ್ಲವೆನ್ನಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ. "ನೋಡಿ ಮೇಡಂ, ನೀವು ಹೋದರೆ ಈ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ನಿಂತಿದ್ದು, ಅರ್ಜಿಯನ್ನು ಮಡಿಸಿಕೊಂಡು ತರಗತಿಗೆ ಹೋದರು. ಪರೀಕ್ಷೆ ಮುಗಿಸಿ ಊರಿಗೆ ಹೋಗುವಷ್ಟರಲ್ಲಿ ತಂದೆಗೆ ಮಾತು ನಿಂತಿತ್ತು. ಮರಳಿ ಬಂದ ಮೇಲೆ ಆಕೆ ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ನಾನು ಕೇಳಿದ ಆ ಪ್ರಶ್ನೆಯನ್ನು ಈಗ ಬಿಡಿಸಿ ನೋಡಿದರೆ ನಾಚಿಕೆಯಾಗುತ್ತದೆ. ಶಾಲೆಗೆ ಮೂರನೆಯ ಶಿಕ್ಷಕರನ್ನು ಕೊಡದಿದ್ದುದು ಇಲಾಖೆಯ ಕೊರತೆ. ಅದಕ್ಕಾಗಿ ಮೇಲಕ್ಕೆ ಬರೆಯಬೇಕಾಗಿದ್ದವನು ನಾನು. ಆದರೆ ನನ್ನ ಒಂದು ಪ್ರಶ್ನೆಯಿಂದ ಆ ಕೊರತೆ ಆಕೆಯ ಪಾಪವಾಗಿ ಮಾರ್ಪಟ್ಟಿತು. ಆಕೆ ಊರಿಗೆ ಹೋದರೆ ಮಕ್ಕಳನ್ನು ಕೈಬಿಟ್ಟವಳು. ಹೋಗದಿದ್ದರೆ ತಂದೆಯನ್ನು ಕೈಬಿಟ್ಟವಳು. ಇಲಾಖೆ ಮಾತ್ರ ಯಾರನ್ನೂ ಕೈಬಿಟ್ಟಂತಾಗಲಿಲ್ಲ! ಇಂದು ಆಸ್ಪತ್ರೆಯ ವಾರ್ಡಿನಲ್ಲಿ, ಬ್ಯಾಂಕಿನ ಶಾಖೆಯಲ್ಲಿ, ಸಾಫ್ಟ್‌ವೇರ್ ಕಚೇರಿಯಲ್ಲಿ ಬಾಯಿ ಬದಲಾಗಿದೆ, ಪ್ರಶ್ನೆ ಅದೇ. "ರಜೆ ತಗೊಳ್ಳಿ, ಆದರೆ ನಿಮ್ಮ ಬದಲಿಗೆ ಯಾರನ್ನಾದರೂ ನೀವೇ ಒಪ್ಪಿಸಿ ಹೋಗಿ." ಬದಲಿ ಆಳನ್ನು ಹುಡುಕುವುದು ಆಳಿನ ಕೆಲಸವಾದದ್ದು ಯಾವಾಗಿನಿಂದ? ಜ್ವರದಲ್ಲಿ ನಡುಗುತ್ತ ಹತ್ತು ಮಂದಿಗೆ ಫೋನು ಮಾಡಿ ಅಂಗಲಾಚುವವರು ನಿಮ್ಮಲ್ಲೂ ಇದ್ದೀರಿ, ನನಗೆ ಹೇಳಿದ್ದೀರಿ.

ಸರ್ಕಾರಿ ಸೇವೆಯಲ್ಲಂತೂ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ. ಕೇಂದ್ರ ಸರ್ಕಾರಿ ನೌಕರರ 1972ರ ರಜೆ ನಿಯಮಗಳ 7ನೆಯ ನಿಯಮದಂತೆ ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ. ಪ್ರವಾಹ, ಯುದ್ಧ, ಚುನಾವಣೆಗಳ ಸಮಯಕ್ಕೆ ಇಂಥ ನಿಯಮ ಬೇಕು, ಒಪ್ಪುತ್ತೇನೆ. ಆದರೆ ವರ್ಷದ ಹನ್ನೆರಡು ತಿಂಗಳೂ ಹುದ್ದೆಗಳನ್ನು ಖಾಲಿ ಬಿಟ್ಟುಕೊಂಡು ಪ್ರತಿದಿನವನ್ನೂ ತುರ್ತು ದಿನವೆನ್ನುವುದು ನ್ಯಾಯವಲ್ಲ.

ಕೈಗಳನ್ನು ಎಣಿಸುವುದು ಕಾನೂನಿಗೆ ಸಾಧ್ಯವಿಲ್ಲದ ಕೆಲಸವೇ? ಇಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯನ್ನೇ ನೋಡಿ. ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 90ರವರೆಗೆ ಮೂವರು ಎಂದು ಅದರ ಅನುಸೂಚಿ ಹೇಳುತ್ತದೆ. ಮಂಜೂರಾದ ಹುದ್ದೆಗಳಲ್ಲಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಖಾಲಿಯಿರಕೂಡದೆಂದು 26ನೆಯ ಪ್ರಕರಣ ವಿಧಿಸುತ್ತದೆ. ಪಾಲನೆ ಹೇಗಿದೆಯೆಂಬುದು ಬೇರೆ ಮಾತು. ಕಾನೂನು ತಲೆ ಎಣಿಸಿತಲ್ಲ, ಅದು ದೊಡ್ಡದು. ಆದರೆ ಅಲ್ಲಿಯೂ ಆ ಹುಡುಗನ ಪ್ರಶ್ನೆ ಉಳಿದಿದೆ. ಇಬ್ಬರಲ್ಲಿ ಒಬ್ಬರಿಗೆ ಜ್ವರ ಬಂದರೆ ಐದು ತರಗತಿಗಳನ್ನು ಒಬ್ಬರೇ ಒಂದೇ ಕೋಣೆಯಲ್ಲಿ ಕೂರಿಸಬೇಕು. ಆಗ ನಡೆಯುವುದು ಪಾಠವಲ್ಲ, ಕಾವಲು.

ಜ್ವರವನ್ನೂ ಲೆಕ್ಕಕ್ಕೆ ಹಿಡಿದ ಕಡೆಗಳೂ ಇವೆ. ರೈಲ್ವೆಯಲ್ಲಿ 'ರೆಸ್ಟ್ ಗಿವರ್' ಎಂಬ ಹುದ್ದೆಯೇ ಇದೆ. ಸ್ಟೇಷನ್ ಮಾಸ್ತರರೊಬ್ಬರಿಗೆ ವಾರದ ವಿಶ್ರಾಂತಿ ಕೊಡುವುದೇ ಆ ಹುದ್ದೆಯವರ ಉದ್ಯೋಗ. ರಜೆಯ ಮೇಲೆ ಹೋದವರ ಸ್ಥಾನಕ್ಕೆ 'ಲೀವ್ ರಿಸರ್ವ್' ಹುದ್ದೆಗಳು ಬೇರೆ. ಬ್ರಿಟಿಷರ ಕಾಲದಿಂದ ಬಂದ ಈ ಸಂಸ್ಥೆಗೆ ಒಂದು ಸತ್ಯ ತಿಳಿದಿತ್ತು: ಮಾಸ್ತರರು ಹಾಸಿಗೆ ಹಿಡಿದರೂ ರೈಲು ಬರುತ್ತದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡಗಳೂ ಹಾಗೆಯೇ. ಸಾಮಾನ್ಯ ವಾರ್ಡಿನಲ್ಲಿ ಇಂತಿಷ್ಟು ರೋಗಿಗಳಿಗೆ ಒಬ್ಬ ದಾದಿ ಎಂದು ಲೆಕ್ಕ ಹಾಕಿ, ಅದರ ಮೇಲೆ ರಜೆಗಾಗಿ ಶೇಕಡಾ 30ರಷ್ಟು ಹೆಚ್ಚುವರಿ ದಾದಿಯರು ಬೇಕೆನ್ನುತ್ತವೆ. ಅದು ಮಾನದಂಡವಾಗಿಯೇ ಉಳಿದು ಬಹಳ ಕಡೆ ನಡೆಗೆ ಬಂದಿಲ್ಲ ಎಂಬುದು ನಮ್ಮ ದುರ್ದೈವ. ನನ್ನ ಶಿಷ್ಯೆಯರಲ್ಲಿ ದಾದಿಯರಾದವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಇಷ್ಟು ತಿಳಿದ ಮೇಲೆ ನಮ್ಮ ರಾಜ್ಯ ಯಾವ ದಿಕ್ಕಿಗೆ ನಡೆಯಿತೆಂಬುದನ್ನು ನೋಡಿ. ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆಗಳವರೆಗೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿಯನ್ನು ಕರ್ನಾಟಕ 2023ರಲ್ಲಿ ಮಾಡಿತು. ವಾರದ ಮಿತಿ 48 ಗಂಟೆಯೇ ಇದ್ದರೂ, ಮೂರು ತಿಂಗಳಲ್ಲಿ ಮಾಡಿಸಬಹುದಾದ ಹೆಚ್ಚುವರಿ ದುಡಿಮೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ತಮಿಳುನಾಡು ಅಂಥದೇ ಮಸೂದೆಯನ್ನು ಅದೇ ವರ್ಷದ ಏಪ್ರಿಲ್‌ನಲ್ಲಿ ಅಂಗೀಕರಿಸಿ, ಪ್ರತಿಭಟನೆಗೆ ಮಣಿದು ಮೇ ದಿನದಂದು ಹಿಂತೆಗೆದುಕೊಂಡಿತು. 2024ರ ಜುಲೈನಲ್ಲಿ ಮಾಹಿತಿ ತಂತ್ರಜ್ಞಾನದ ನೌಕರರನ್ನು ದಿನಕ್ಕೆ 12 ಗಂಟೆಗೂ ಮೀರಿ ದುಡಿಸುವ ಪ್ರಸ್ತಾವ ನಮ್ಮಲ್ಲಿ ಬಂತು. 2025ರ ಜೂನ್‌ನಲ್ಲಿ 1961ರ ಕಾಯಿದೆಯ 9 ಗಂಟೆಯನ್ನು 10 ಮಾಡುವ, ಹೆಚ್ಚುವರಿ ದುಡಿಮೆಯೂ ಸೇರಿ 12 ಮಾಡುವ, ಮೂರು ತಿಂಗಳ ಹೆಚ್ಚುವರಿ ದುಡಿಮೆಯನ್ನು 50 ಗಂಟೆಯಿಂದ 144 ಗಂಟೆಗೆ ಏರಿಸುವ ಪ್ರಸ್ತಾವ ಬಂತು. ನೌಕರರ ಸಂಘಗಳು ಬೀದಿಗಿಳಿದು ವಿರೋಧಿಸಿದವು.

ಇದರ ಗಣಿತ ನಾಲ್ಕನೆಯ ತರಗತಿಯದು. 24ನ್ನು 8ರಿಂದ ಭಾಗಿಸಿದರೆ ಮೂರು. 12ರಿಂದ ಭಾಗಿಸಿದರೆ ಎರಡು. ಗಂಟೆ ಹೆಚ್ಚಿಸುವ ಪ್ರಸ್ತಾವವೆಂದರೆ ಮೂರನೆಯವನನ್ನು ಮನೆಗೆ ಕಳುಹಿಸುವ ಪ್ರಸ್ತಾವ. ಕೆಲಸವಿಲ್ಲದ ಪದವೀಧರರು ಬಾಗಿಲ ಹೊರಗೆ ಸಾಲುಗಟ್ಟಿ ನಿಂತಿರುವ ನಾಡಿನಲ್ಲಿ ಒಳಗಿರುವವನಿಗೆ ಮನೆಗೆ ಹೋಗಲು ಬಿಡುವಿಲ್ಲ! ಹೊರಗಿನವನು ಉದ್ಯೋಗವಿಲ್ಲದೆ ಬಡವಾಗುತ್ತಾನೆ, ಒಳಗಿನವನು ಉದ್ಯೋಗದಿಂದಲೇ ಬಡವಾಗುತ್ತಾನೆ.

ಎದುರುಪಕ್ಷದ ಮಾತನ್ನೂ ಕೇಳಬೇಕು. ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ, ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿ, ಯುದ್ಧಾನಂತರದ ಜಪಾನ್, ಜರ್ಮನಿಗಳ ಉದಾಹರಣೆ ಕೊಟ್ಟರು. ನಮ್ಮ ನಾಡಿಗೆ ಕೀರ್ತಿ ತಂದವರು. ಅವರ ಸ್ವಂತ ಪರಿಶ್ರಮದ ಬಗ್ಗೆ ನನಗೆ ಗೌರವವಿದೆ. ಆದರೆ ತಾನು ಕಟ್ಟಿದ ಮನೆಗಾಗಿ ಒಬ್ಬನು ಸ್ವಇಚ್ಛೆಯಿಂದ ರಾತ್ರಿ ಜಾಗರಣೆ ಮಾಡುವುದು ಬೇರೆ, ತಿಂಗಳ ಸಂಬಳದವನಿಗೆ ಅದನ್ನು ಕಟ್ಟಳೆಯಾಗಿ ಹೊರಿಸುವುದು ಬೇರೆ. ಮೊದಲನೆಯದು ತಪಸ್ಸು, ಎರಡನೆಯದು ಬಿಟ್ಟಿ.

ಕೆಲವರು ಕಾಯಕದ ಹೆಸರನ್ನೂ ಎತ್ತುತ್ತಾರೆ. ಅವರಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನೆನಪಿಸಬೇಕು. ಗಂಡ ಮಾರಯ್ಯ ನಿತ್ಯದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಮರಳಿ ಕಳುಹಿಸಿದವಳು ಆಕೆ. ಶರಣರ ಕಾಯಕಕ್ಕೆ ಒಂದು ಅಳತೆಯಿತ್ತು. ಅಳತೆಯನ್ನು ಕಿತ್ತೊಗೆದು ಕಾಯಕವನ್ನು ಮಾತ್ರ ಇಟ್ಟುಕೊಳ್ಳುವುದು ಶರಣರಿಗೆ ಮಾಡುವ ಅಪಚಾರ.

ಸಣ್ಣ ಅಂಗಡಿಯವನು ನಾಲ್ಕನೆಯವನನ್ನು ಎಲ್ಲಿಂದ ತರಲಿ ಎಂಬ ಪ್ರಶ್ನೆ ಮಾತ್ರ ಪ್ರಾಮಾಣಿಕವಾದುದು. ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಇರುವವರು ಇಬ್ಬರು. ಅಂಥವನಿಗೆ ನಾನು ಹೇಳುವುದಿಷ್ಟೆ: ಆಳು ಇಲ್ಲದ ದಿನ ಬಾಗಿಲು ಬೇಗ ಹಾಕು. ಅಂಗಡಿಯ ಸಮಯ ಆಳಿನ ಅಳತೆಗೆ ಹೊಂದಬೇಕೇ ಹೊರತು ಆಳಿನ ದೇಹ ಅಂಗಡಿಯ ಸಮಯಕ್ಕಲ್ಲ. ನೂರಾರು, ಸಾವಿರಾರು ನೌಕರರಿರುವ ಸಂಸ್ಥೆಗಳಿಗೆ ಮಾತ್ರ ಈ ಸಬೂಬಿಲ್ಲ. ಅವರಲ್ಲಿ ದಿನಕ್ಕೆ ಎಷ್ಟು ಮಂದಿ ಗೈರುಹಾಜರಾಗುತ್ತಾರೆಂಬುದು ಅವರ ಗಣಕಯಂತ್ರಕ್ಕೇ ಗೊತ್ತಿರುತ್ತದೆ.

ಆದುದರಿಂದ ನಾನು ಬಯಸುವುದು ಮೂರು. ದೊಡ್ಡ ಸಂಸ್ಥೆ, ಆಸ್ಪತ್ರೆ, ಶಾಲೆಗಳಲ್ಲಿ ಹುದ್ದೆಗಳನ್ನು ಮಂಜೂರು ಮಾಡುವಾಗಲೇ ರಜೆಯ ಲೆಕ್ಕದ ಹೆಚ್ಚುವರಿ ಆಳುಗಳನ್ನು ಕಾನೂನಿನಿಂದ ಕಡ್ಡಾಯ ಮಾಡಬೇಕು. ಬದಲಿ ವ್ಯವಸ್ಥೆಯ ಹೊಣೆ ನೌಕರನದಲ್ಲ, ಸಂಸ್ಥೆಯದೆಂದು ಕಾಯಿದೆಯಲ್ಲಿ ಬರೆಯಬೇಕು. ಆಳು ಸಾಲದೆಂಬ ಕಾರಣಕ್ಕೆ ವಿಶ್ರಾಂತಿಯ ನಿಯಮವನ್ನು ಸಡಿಲಿಸುವುದನ್ನು ನಿಲ್ಲಿಸಿ, ಮೊದಲು ಕೆಲಸವನ್ನು ಕಡಿತಗೊಳಿಸಬೇಕು.

ಸರ್ಕಾರ ಇದನ್ನೆಲ್ಲ ಮಾಡುವವರೆಗೆ ನಾವು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ನಿಮ್ಮಲ್ಲಿ ಅನೇಕರು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿದ್ದೀರಿ. ನಾನು ಬಂದಾಗಲೆಲ್ಲ ಗೇಟಿನಲ್ಲಿ ಹೆಸರು ಬರೆಸಿಕೊಳ್ಳುವ ಕಾವಲುಗಾರನನ್ನು ಮಾತನಾಡಿಸುವುದು ನನ್ನ ಅಭ್ಯಾಸ. ಹಗಲಿಗೊಬ್ಬ, ರಾತ್ರಿಗೊಬ್ಬ, ತಲಾ ಹನ್ನೆರಡು ಗಂಟೆ, ವಾರಕ್ಕೆ ಏಳು ದಿನ. ವಾರಕ್ಕೆ 168 ಗಂಟೆ. ಇಬ್ಬರಿಗೆ ಹಂಚಿದರೆ ಒಬ್ಬನಿಗೆ 84. ಒಂದು ಶತಮಾನದ ಹಿಂದಿನ 1922ರ ಕಾಯಿದೆಯ 60 ಗಂಟೆಯನ್ನೂ ಮೀರಿದ ಲೆಕ್ಕವಿದು, ನಿಮ್ಮ ಮನೆಯ ಬಾಗಿಲಲ್ಲೇ! "ಅವನೇನು ಮಾಡುತ್ತಾನೆ ಸಾರ್, ಕುಳಿತಿರುತ್ತಾನಷ್ಟೆ" ಎಂದು ನಿಮ್ಮಲ್ಲೊಬ್ಬರು ನನಗೆ ಹೇಳಿದಿರಿ. ಹನ್ನೆರಡು ಗಂಟೆ ಎಚ್ಚರವಾಗಿ ಕುಳಿತು ನೋಡಿ, ಆಮೇಲೆ ಮಾತನಾಡೋಣ. ಮೂರನೆಯವನನ್ನೂ ನಾಲ್ಕನೆಯವನನ್ನೂ ನೇಮಿಸಿಕೊಳ್ಳಲು ಒಂದೊಂದು ಮನೆಗೆ ತಿಂಗಳಿಗೆ ಎಷ್ಟು ಬೀಳುತ್ತದೆಂಬ ಲೆಕ್ಕವನ್ನು ಮುಂದಿನ ಸಂಘದ ಸಭೆಯಲ್ಲಿ ನೀವೇ ಹಾಕಿ. ಭಾಗಾಕಾರ ಕಲಿಸಿದ್ದೇನೆ.

ನಿಮ್ಮಲ್ಲಿ ಮೇಲಧಿಕಾರಿಗಳಾದವರಿಗೆ ಇನ್ನೊಂದು ಮಾತು. ಯಾರಾದರೂ ರಜೆ ಕೇಳಲು ಬಂದಾಗ ನನ್ನ ಆ ಹಳೆಯ ಪ್ರಶ್ನೆ ನಿಮ್ಮ ನಾಲಗೆಯ ತುದಿಗೂ ಬರುತ್ತದೆ. ಅದನ್ನು ನುಂಗಿಕೊಳ್ಳಿ. ಅವರ ಅರ್ಜಿಗೆ ಸಹಿ ಹಾಕಿ, ಆ ಪ್ರಶ್ನೆಯನ್ನು ನಿಮ್ಮ ಮೇಲಿನವರಿಗೆ ಲಿಖಿತವಾಗಿ ಕೇಳಿ. ನಾನು ಮಾಡಬೇಕಾಗಿದ್ದು ಅದನ್ನೇ, ಮಾಡಲಿಲ್ಲ.

ಕಡೆಯದಾಗಿ, ಆ ಹಿಂದಿನ ಬೆಂಚಿನ ಹುಡುಗನಿಗೆ. ಈಗ ನೀನು ಎಲ್ಲಿದ್ದೀಯೋ ತಿಳಿಯದು. ಇದನ್ನು ಓದುತ್ತಿದ್ದರೆ ಒಂದು ಸಾಲು ಬರೆ. ಎಂಟು ಆಳುಗಳಲ್ಲಿ ಒಬ್ಬನಿಗೆ ಜ್ವರ ಬಂದರೆ ಏನು ಮಾಡಬೇಕೆಂದು ನೀನು ಕೇಳಿದ್ದೆ. ಒಂಬತ್ತನೆಯವನನ್ನು ಮೊದಲೇ ಕರೆದಿರಬೇಕು. ಉತ್ತರ ಇಷ್ಟೆ. ತಡವಾಯಿತು, ಕ್ಷಮಿಸು.

ಎಲ್ಲರಿಗೂ ಶುಭವಾಗಲಿ. ಈ ಭಾನುವಾರವಾದರೂ ವಿಶ್ರಾಂತಿ ತೆಗೆದುಕೊಳ್ಳಿ.

ನಿಮ್ಮ,
ಲೆಕ್ಕದ ಮೇಷ್ಟ್ರು